ಕತ್ತಲಲ್ಲಿ ಓಡುತ್ತಿದ್ದವರು: ಒಂದು ಆಪ್ತಸಲಹೆ ಪ್ರಕರಣ

"ಹಾಫ್ ಮ್ಯಾರಥಾನ್‌ಗೆ ಹೆಸರು ಕೊಡಲೋ ಬೇಡವೋ, ಮೇಡಂ?" ಇಷ್ಟೇ ಅವರ ಪ್ರಶ್ನೆ. ವಯಸ್ಸು 42. ಮನೆ ಧಾರವಾಡದಲ್ಲಿ, ಕಚೇರಿ ಹುಬ್ಬಳ್ಳಿಯಲ್ಲಿ. ಇಬ್ಬರು ಮಕ್ಕಳು, ಗಂಡ, ಅತ್ತೆ. ಮೂರು ವರ್ಷಗಳಿಂದ ವಾರಕ್ಕೆ ಮೂರು ದಿನ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ನಾಲ್ಕೈದು ಕಿಲೋಮೀಟರ್ ಓಡುತ್ತಿದ್ದರು. ಕಚೇರಿಯ ನಾಲ್ವರು ಗೆಳತಿಯರು ಹೆಸರು ನೋಂದಾಯಿಸಿದ್ದರು. ಇವರು ಮೂರು ಸಲ ಅರ್ಜಿ ತುಂಬಿ, ಹಣ ಕಟ್ಟುವ ಹಂತಕ್ಕೆ ಬಂದು ಮೊಬೈಲ್ ಮುಚ್ಚಿಟ್ಟಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

"21.0975 ಕಿಲೋಮೀಟರ್ ಎಂದರೆ ನಾನು ದಿನವೂ ಚಿಗರಿ ಬಸ್ಸಿನಲ್ಲಿ ಕುಳಿತು ಹೋಗುವಷ್ಟು ದೂರ. ಅಷ್ಟನ್ನು ಕಾಲಿನಲ್ಲಿ ಓಡುವುದೇ ಎಂದು ಭಯವಾಗುತ್ತದೆ" ಎಂದರು. ಮೊದಲ ಭೇಟಿಯಲ್ಲಿ ನಾನು ಅದನ್ನು ಸೋಲಿನ ಭಯವೆಂದೇ ತಿಳಿದು, ಆ ಜಾಡಿನಲ್ಲಿಯೇ ಮಾತನಾಡಿ ಕಳುಹಿಸಿದೆ. ಅದು ನನ್ನ ತಪ್ಪು. ಅವರ ಚೀಲದಲ್ಲಿ ಒಂದು ನೋಟ್‌ಪುಸ್ತಕವಿತ್ತು. ಅದರಲ್ಲಿ ಹದಿನಾರು ವಾರಗಳ ತರಬೇತಿಯನ್ನು ಅಚ್ಚುಕಟ್ಟಾಗಿ ಗೆರೆ ಹಾಕಿ ಬರೆದುಕೊಂಡಿದ್ದರು. ದೂರಕ್ಕೆ ಅಂಜಿದವರು ಅಷ್ಟು ಪ್ರೀತಿಯಿಂದ ಗೆರೆ ಎಳೆಯುವುದಿಲ್ಲ.

ಎರಡನೆಯ ಭೇಟಿಯಲ್ಲಿ ಸಲಹೆಯ ಮಾತು ಬಿಟ್ಟು, ನಿನ್ನೆಯ ಓಟವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಎಂದೆ. ಹಿಂದಿನ ರಾತ್ರಿ ಎಂಟರ ನಂತರ ನೀರು ಕುಡಿಯುವುದಿಲ್ಲ. ಏಳುವುದು ನಾಲ್ಕೂವರೆಗೆ. ಹೊರಡುವ ಮುನ್ನ ಎರಡು ಸಲ ಶೌಚಾಲಯ. ಏಪ್ರಿಲ್‌ನ ಸೆಕೆಯಲ್ಲಿಯೂ ಕಪ್ಪು ಪ್ಯಾಂಟು, ಮೊಣಕಾಲು ಮುಟ್ಟುವ ಕಪ್ಪು ಅಂಗಿ. ಬೆಳಕು ಹರಿಯುವ ಮುನ್ನ ಮನೆ ಸೇರಬೇಕು. ಇಳಿಜಾರಿನ ರಸ್ತೆ ಬಂದರೆ ನಡೆಯುತ್ತಾರೆ.

"ಏರಿನಲ್ಲಿ ಓಡಿ ಇಳಿಜಾರಿನಲ್ಲಿ ನಡೆಯುತ್ತೀರಾ?"

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇಳಿಯುವಾಗ ಮೂತ್ರ ಸೋರುತ್ತದೆ. ಎರಡನೆಯ ಹೆರಿಗೆಯಾದಾಗಿನಿಂದ. ಒಂಬತ್ತು ವರ್ಷವಾಯಿತು. ಯಾರಿಗೂ ಹೇಳಿಲ್ಲ" ಎಂದರು. ಗಂಡನಿಗೂ ಹೇಳಿರಲಿಲ್ಲ. ಜೊತೆಗೆ ಅತ್ತೆಯ ಮಾತು ಬೇರೆ: "ಹೆಂಗಸರು ಓಡಿದರೆ ಗರ್ಭಕೋಶ ಜಾರುತ್ತದೆ." ಸೋರುವುದೇ ಅದರ ಮೊದಲ ಸೂಚನೆ ಇರಬಹುದೆಂದು ಒಳಗೊಳಗೇ ನಡುಗುತ್ತಿದ್ದರು. ಹಾಡಹಗಲಲ್ಲಿ, ನೂರಾರು ಜನರ ನಡುವೆ ಎರಡೂವರೆ ಮೂರು ಗಂಟೆ ಓಡುವುದನ್ನು ನೆನೆದಾಗಲೆಲ್ಲ ಬೆರಳು ಮೊಬೈಲ್ ಮೇಲೆ ನಿಂತುಬಿಡುತ್ತಿತ್ತು.

ನಾನು ವೈದ್ಯಳಲ್ಲ. ಆದರೆ ಅಂದು ಗೊತ್ತಿದ್ದಷ್ಟನ್ನು ಬಿಡಿಸಿ ಹೇಳಿದೆ. ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಕೆಳಗಿನಿಂದ ಜೋಲಿಯಂತೆ ಎತ್ತಿ ಹಿಡಿಯುವ ಸ್ನಾಯುಗಳಿವೆ. ಬಸಿರು ಮತ್ತು ಹೆರಿಗೆಯಲ್ಲಿ ಅವು ಹಿಗ್ಗಿ ಸಡಿಲಗೊಳ್ಳಬಹುದು. ಕೆಮ್ಮಿದಾಗ, ಸೀನಿದಾಗ, ಇಳಿಜಾರಿನಲ್ಲಿ ಹೆಜ್ಜೆ ಬಡಿದಾಗ ಹೊಟ್ಟೆಯ ಒತ್ತಡ ಕೆಳಕ್ಕೆ ನುಗ್ಗುತ್ತದೆ, ಸೋರುತ್ತದೆ. ಹೆತ್ತ ಹೆಂಗಸರಲ್ಲಿ ಇದು ತೀರ ಸಾಮಾನ್ಯ. ಸಾಮಾನ್ಯವೆಂದು ಸಹಿಸಿಕೊಂಡು ಕೂರಬೇಕಾಗಿಲ್ಲ, ಚಿಕಿತ್ಸೆಯಿದೆ. ಓಟದಿಂದ ಗರ್ಭಕೋಶ ಹಾಳಾಗುತ್ತದೆಂಬ ನಂಬಿಕೆ ನಮ್ಮ ಓಣಿಗಳಲ್ಲಿ ಮಾತ್ರ ಇದ್ದದ್ದಲ್ಲ. ಬಾಸ್ಟನ್ ಮ್ಯಾರಥಾನ್ ಮಹಿಳೆಯರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1972ರಲ್ಲಿ, ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಸೇರಿದ್ದು 1984ರಲ್ಲಿ. ಅಲ್ಲಿಯೂ ಹೆಣ್ಣಿನ ಮೈ ಇದನ್ನು ತಾಳಲಾರದು ಎಂದೇ ದೂರವಿಟ್ಟಿದ್ದರು. ಇದನ್ನು ಕೇಳಿ ಅವರು ಮೊದಲ ಬಾರಿಗೆ ನೇರವಾಗಿ ನನ್ನ ಮುಖ ನೋಡಿದರು.

ನನ್ನ ಸಲಹೆ ಹೀಗಿತ್ತು. ಈಗಿನ ಓಟಕ್ಕೆ ಹೆಸರು ಕೊಡಬೇಡಿ, ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಿ. ಗರ್ಭಕೋಶ ನಿಜವಾಗಿ ಜಾರಿದೆಯೇ ಎಂಬುದನ್ನು ಪರೀಕ್ಷೆ ಮಾಡಿದವರೇ ಹೇಳಬೇಕು, ಅತ್ತೆಯವರೂ ಅಲ್ಲ, ನಾನೂ ಅಲ್ಲ. ಅದೇ ಭೇಟಿಯಲ್ಲಿ ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, ಅದನ್ನಿಟ್ಟುಕೊಂಡು ದೂರ ಹೆಚ್ಚಿಸಬಾರದು. ನೀರು ಕುಡಿಯದೆ ಇರುವುದನ್ನು ಇಂದೇ ಬಿಡಿ. ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಬಿಸಿಲಿನಲ್ಲಿ ಓಡುವವರಿಗಂತೂ ಅಪಾಯ.

ಗಂಡನಿಗೆ ಹೇಳುವ ವಿಷಯದಲ್ಲಿ ನಾನು ಒತ್ತಾಯಿಸಲಿಲ್ಲ. ಆದರೆ ಒಂದನ್ನು ಕೇಳಿದೆ: ಭಾನುವಾರದ ದೀರ್ಘ ಓಟಕ್ಕೆ ಮೂರು ಗಂಟೆ ಬೇಕು, ಆ ಹೊತ್ತಿನಲ್ಲಿ ಮನೆಯ ಒಲೆ ಯಾರದು? ಗುಟ್ಟು ಇಟ್ಟುಕೊಂಡು ಒಂದು ಗಂಟೆ ಕದಿಯಬಹುದು, ಮೂರು ಗಂಟೆಯನ್ನು ಕೇಳಿಯೇ ಪಡೆಯಬೇಕು.

ಒಂದು ತಿಂಗಳ ನಂತರ ಬಂದರು. ತಜ್ಞೆ ಪರೀಕ್ಷಿಸಿ, ಗರ್ಭಕೋಶ ತನ್ನ ಜಾಗದಲ್ಲಿಯೇ ಇದೆ, ಸ್ನಾಯುಗಳು ದುರ್ಬಲವಾಗಿವೆ ಎಂದು ಹೇಳಿ ಫಿಸಿಯೋಥೆರಪಿಸ್ಟ್ ಬಳಿ ಕಳುಹಿಸಿದ್ದರು. ಆ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ: ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲ, ಕಡಿಮೆಯೆಂದರೆ ಮೂರು ತಿಂಗಳು. ಬಿಗಿಹಿಡಿಯುವುದರಷ್ಟೇ ಪೂರ್ತಿ ಸಡಿಲಬಿಡುವುದೂ ಮುಖ್ಯ ಎಂಬುದನ್ನು ಅಲ್ಲಿ ಕಲಿತಿದ್ದರು. ಪುಸ್ತಕ ನೋಡಿ ತಾವೇ ಮಾಡಿಕೊಳ್ಳುವುದಕ್ಕಿಂತ ಒಮ್ಮೆ ತಿಳಿದವರಿಂದ ಕಲಿಯುವುದು ಒಳ್ಳೆಯದು. ತಪ್ಪು ಸ್ನಾಯುವನ್ನು ಹಿಂಡುತ್ತಾ ತಿಂಗಳುಗಟ್ಟಲೆ ಕಳೆದು ನಿರಾಶರಾದವರನ್ನು ಕಂಡಿದ್ದೇನೆ.

ಗಂಡನಿಗೂ ಹೇಳಿದ್ದರು. "ಇಷ್ಟು ವರ್ಷ ಒಬ್ಬಳೇ ಯಾಕೆ ಅನುಭವಿಸಿದೆ?" ಎಂದು ಕೇಳಿದರಂತೆ. ಭಾನುವಾರದ ಅವಲಕ್ಕಿ ಒಗ್ಗರಣೆ ಈಗ ಅವರ ಪಾಲು.

ಅತ್ತೆಯವರ ಮಾತಿನ ಬಗ್ಗೆ ನನಗೆ ಕುತೂಹಲವಿತ್ತು. ಹಾಗೇಕೆ ಹೇಳುತ್ತಾರೆಂದು ಎಂದಾದರೂ ಕೇಳಿದ್ದೀರಾ ಎಂದೆ. ಕೇಳಿರಲಿಲ್ಲ. ಕೇಳಿದ ದಿನ ಆ ಹಿರಿಯ ಹೆಂಗಸು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅತ್ತರಂತೆ. ನಾಲ್ಕು ಹೆರಿಗೆ, ಪ್ರತಿ ಬಾಣಂತನ ಮುಗಿಯುವ ಮುನ್ನವೇ ಹೊಲದ ಕೆಲಸ, ತಲೆಯ ಮೇಲೆ ನೀರಿನ ಕೊಡ. ಗರ್ಭಕೋಶ ಜಾರಿದ್ದು ಅವರಿಗೇ. ಸೊಸೆಯನ್ನು ತಡೆದದ್ದು ತಮ್ಮಂತಾಗದಿರಲಿ ಎಂಬ ಸಂಕಟದಿಂದ. ಈಗ ಅತ್ತೆಯವರಿಗೂ ಅದೇ ತಜ್ಞೆಯ ಬಳಿ ಚಿಕಿತ್ಸೆ ನಡೆಯುತ್ತಿದೆ. ಓಟದ ಮೇಲಿನ ಮುನಿಸು ಮಾತ್ರ ಪೂರ್ತಿ ಇಳಿದಿಲ್ಲ.

ವ್ಯಾಯಾಮದ ನಾಲ್ಕನೆಯ ತಿಂಗಳಿನಲ್ಲಿ, ತಜ್ಞೆಯ ಒಪ್ಪಿಗೆಯೊಂದಿಗೆ, ನೋಟ್‌ಪುಸ್ತಕದ ಹದಿನಾರು ವಾರಗಳು ಶುರುವಾದವು. ದೀರ್ಘ ಓಟ ಆರು ಕಿಲೋಮೀಟರ್‌ನಿಂದ ವಾರಕ್ಕೊಂದು ಕಿಲೋಮೀಟರ್‌ನಂತೆ ಏರಬೇಕು, ಪ್ರತಿ ನಾಲ್ಕನೆಯ ವಾರ ಇಳಿಯಬೇಕು. ಹದಿನಾರು ಕಿಲೋಮೀಟರ್‌ಗೆ ತಲುಪಿ, ಕೊನೆಯ ಎರಡು ವಾರ ಹಗುರ. ಪಕ್ಕದವರೊಡನೆ ಪೂರ್ತಿ ವಾಕ್ಯ ಆಡುವಷ್ಟು ನಿಧಾನವಾಗಿ ಓಡಬೇಕು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಒಂದೇ ಕಡೆ ಒತ್ತಿದರೆ ನೋಯುತ್ತಿದ್ದರೆ ಅಂದಿಗೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಸೋರುವುದು ಪೂರ್ತಿ ನಿಂತಿಲ್ಲ, ಬಹಳಷ್ಟು ಕಡಿಮೆಯಾಗಿದೆ. ದೂರದ ಓಟಕ್ಕೆ ಪ್ಯಾಡ್ ಹಾಕಿಕೊಳ್ಳುತ್ತಾರೆ, ಅದನ್ನು ಹೇಳುವಾಗ ಈಗ ದನಿ ತಗ್ಗುವುದಿಲ್ಲ. ಕಳೆದ ಭಾನುವಾರ ಕೆಲಗೇರಿ ಕೆರೆಯ ಕಡೆಗೆ ಒಂಬತ್ತು ಕಿಲೋಮೀಟರ್ ಓಡಿದ್ದಾರೆ, ಮನೆಗೆ ಮರಳುವಾಗ ಬಿಸಿಲು ಬಿದ್ದಿತ್ತು. ಹದಿನಾಲ್ಕು ಕಿಲೋಮೀಟರ್ ಮುಟ್ಟಿದ ವಾರ ಹಣ ಕಟ್ಟುತ್ತೇನೆ ಎಂದು ಹೇಳಿ ಹೋಗಿದ್ದಾರೆ.