ಫೋನ್ ಹಳೆಯದಾಯ್ತೋ, ಬ್ಯಾಟರಿ ಹಳೆಯದಾಯ್ತೋ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2021ರಲ್ಲಿ ಕೊಂಡ ಆಂಡ್ರಾಯ್ಡ್ ಫೋನ್ ಬಳಸುತ್ತಿದ್ದೇನೆ. ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ, ಜೊತೆಗೆ ಬಹಳ ನಿಧಾನ. ಅಮೆರಿಕದಲ್ಲಿರುವ ಮಗ, ‘ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕಪ್ಪಾ, ಹೊಸದು ಕಳಿಸ್ತೀನಿ’ ಎನ್ನುತ್ತಾನೆ. ನನಗೆ ಬೇಕಿರುವುದು ವಾಟ್ಸಾಪ್, ಯೂಟ್ಯೂಬ್, ಯುಪಿಐ ಅಷ್ಟೇ. ಬದಲಾಯಿಸಲೇಬೇಕಾ?
– ಓದುಗರು, ಸಾಗರ

ಉತ್ತರ: ಮೇಷ್ಟ್ರೇ, ಮಗನಿಗೆ ಆ ಲೆಕ್ಕ ಅಂಟಿದ್ದು ಅಲ್ಲಿಯದೇ ರೂಢಿಯಿಂದ ಇರಬಹುದು. ಅಲ್ಲಿ ಮೊದಲು ಸಿಮ್ ಕಂಪನಿಗಳು ಎರಡು ವರ್ಷದ ಕರಾರು ಬರೆಸಿಕೊಂಡು ಕಡಿಮೆ ದುಡ್ಡಿಗೆ ಫೋನ್ ಕೊಡುತ್ತಿದ್ದವು. ಕರಾರು ಮುಗಿಯಿತು ಅಂದರೆ ಹೊಸ ಫೋನ್. ಅದು ವ್ಯಾಪಾರದ ಲೆಕ್ಕ, ಫೋನಿನ ಆಯಸ್ಸಿನದಲ್ಲ.

ರಿಪೇರಿ ಟೇಬಲ್ ಮುಂದೆ ಕೂತವನಿಗೆ ಕಾಣುವುದೇ ಬೇರೆ. ಫೋನಿನಲ್ಲಿ ಮೊದಲು ಸೋಲುವುದು ಬ್ಯಾಟರಿ. ಲಿಥಿಯಂ ಬ್ಯಾಟರಿ ಸುಮಾರು 500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಮೊದಲಿನ ಶಕ್ತಿಯ ಶೇ. 80ಕ್ಕೆ ಇಳಿಯುವುದು ಮಾಮೂಲು. ದಿನಕ್ಕೊಂದು ಚಾರ್ಜ್ ಅಂದರೆ ಎರಡು ವರ್ಷವೂ ಬೇಡ. ನಿಮ್ಮದಕ್ಕೆ ಅದರ ದುಪ್ಪಟ್ಟು ವಯಸ್ಸಾಗಿದೆ, ಮಧ್ಯಾಹ್ನಕ್ಕೆ ಸುಸ್ತಾಗದೆ ಇನ್ನೇನು? ಹಿಂಬದಿಗೆ ಬಿಸಿ ಕೊಟ್ಟು, ಗಮ್ ಬಿಡಿಸಿ, ಹೊಸದು ಕೂರಿಸಿದರೆ ಆ ತೊಂದರೆ ಮುಗಿಯಿತು. ಕಂಪನಿಯ ಸರ್ವೀಸ್ ಸೆಂಟರಿನಲ್ಲೇ ಹಾಕಿಸಿ. ಹೊರಗೆ ಅಗ್ಗಕ್ಕೆ ಸಿಗುವ ಡೂಪ್ಲಿಕೇಟ್ ಬೇಡವೇ ಬೇಡ. ಒಂದು ಮಾತು: ಸ್ಕ್ರೀನಿನ ಅಂಚು ಸ್ವಲ್ಪ ಮೇಲೆದ್ದಂತೆ ಕಂಡರೆ ಬ್ಯಾಟರಿ ಊದಿದೆ ಅಂತ ಅರ್ಥ. ಆಗ ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲೂ ಹೋಗಬೇಡಿ. ಬೆಂಕಿ ಹತ್ತೀತು.

ನಿಧಾನಕ್ಕೆ ಕಾರಣ ನಾನು ನೋಡದೆಯೇ ಹೇಳಬಲ್ಲೆ: ಗುಡ್ ಮಾರ್ನಿಂಗ್ ಚಿತ್ರಗಳು! ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ ದೊಡ್ಡ ವಿಡಿಯೋಗಳನ್ನು ಅಳಿಸಿ. ಜಾಗ ಪೂರ್ತಿ ತುಂಬಿದ ಫೋನ್ ತೆವಳುತ್ತದೆ.

ಬದಲಾಯಿಸಲು ನಿಜವಾದ ಕಾರಣ ಒಂದಿದೆ. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಒಳಗೆ ಆಂಡ್ರಾಯ್ಡ್ ವರ್ಷನ್ ಒತ್ತಿದರೆ, ಕಳ್ಳರು ನುಗ್ಗದಂತೆ ಕಂಪನಿ ಕಳಿಸುವ ಸೆಕ್ಯೂರಿಟಿ ಅಪ್‌ಡೇಟಿನ ತಾರೀಖು ಕಾಣುತ್ತದೆ. ಅದು ವರ್ಷಕ್ಕಿಂತ ಹಿಂದಿನದಾಗಿದ್ದು, ಹೊಸ ಅಪ್‌ಡೇಟೂ ಬರದಿದ್ದರೆ ಕಂಪನಿ ಕೈಬಿಟ್ಟಿದೆ ಎಂದೇ ತಿಳಿಯಿರಿ. ಅಂಥ ಫೋನಿನಲ್ಲಿ ಪಿಂಚಣಿ ಖಾತೆಯ ಯುಪಿಐ ಇಟ್ಟುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಆಗ ಮಗ ಕಳಿಸುವುದನ್ನು ತೆಗೆದುಕೊಳ್ಳಿ, ಹಳೆಯದನ್ನು ಯೂಟ್ಯೂಬಿಗೆ ಇಟ್ಟುಕೊಳ್ಳಿ. ಕಳಿಸುವ ಮುಂಚೆ ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳಲು ಹೇಳಿ. ಗೂಗಲ್‌ನ 2023ರ ಪಿಕ್ಸೆಲ್ 8, ಸ್ಯಾಮ್ಸಂಗ್‌ನ 2024ರ ಗ್ಯಾಲಕ್ಸಿ ಎಸ್24 ಫೋನುಗಳಿಗೆ 7 ವರ್ಷದ ಮಾತು ಕೊಟ್ಟಿದ್ದಾರೆ. ಅಗ್ಗದ ಎಷ್ಟೋ ಫೋನುಗಳಿಗೆ ಅದರ ಅರ್ಧವೂ ಇರುವುದಿಲ್ಲ. ಜನ ಮಾತ್ರ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತಲೇ ಕೇಳುತ್ತಾರೆ, ಅಲ್ವಾ?

ಪ್ರಶ್ನೆ: ನನ್ನ 2016ರ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಬರುವುದಿಲ್ಲವಂತೆ. ಗುಜರಿಗೆ ಹಾಕಬೇಕಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೇಡಮ್ಮ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿದ್ದು 2025ರ ಅಕ್ಟೋಬರ್ 14ಕ್ಕೆ, ನಿಜ. ಆದರೆ ಮಷೀನು ಕೆಟ್ಟಿಲ್ಲವಲ್ಲ. ಒಳಗೆ ಹಳೇ ಹಾರ್ಡ್ ಡಿಸ್ಕ್ ಇದ್ದರೆ ತೆಗೆಸಿ ಅದಕ್ಕಿಂತ ಬಹಳ ವೇಗದ ಎಸ್‌ಎಸ್‌ಡಿ ಹಾಕಿಸು. ವಿಂಡೋಸ್ ಬದಲಿಗೆ ಕೂರುವ ಉಬುಂಟು ಅಥವಾ ಲಿನಕ್ಸ್ ಮಿಂಟ್ ಪುಕ್ಕಟೆ ಸಿಗುತ್ತದೆ, ಅದನ್ನು ಹಾಕಿಕೋ. ನೋಟ್ಸ್, ಬ್ರೌಸರ್, ಪ್ರಾಜೆಕ್ಟ್ ರಿಪೋರ್ಟಿಗೆಲ್ಲ ಧಾರಾಳ ಸಾಕು. ಕಾಲೇಜಿನವರು ವಿಂಡೋಸಿನಲ್ಲೇ ಓಡುವ ಸಾಫ್ಟ್‌ವೇರ್ ಬೇಕು ಅಂದರೆ ಮಾತ್ರ ಹೊಸದರ ಯೋಚನೆ ಮಾಡು. ಡಿಸ್ಕ್ ಬದಲಿಸುವ ಮುಂಚೆ ಫೋಟೋ, ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಟ್ಟುಕೋ.