ಕಂಚಿನ ಗದೆಗಿಂತ ಗರಡಿಯ ಮಣ್ಣು

‘ನಮ್ಮೂರಿನ ಪೈಲ್ವಾನರು ತೀರಿಕೊಂಡು ವರ್ಷವಾಗುತ್ತಾ ಬಂತು. ಸುತ್ತಲಿನ ಯಾವ ಜಾತ್ರೆಯಲ್ಲೂ ಸೋತು ಬಂದವರಲ್ಲ. ಬಸ್ ಸ್ಟ್ಯಾಂಡ್ ಎದುರಿನ ಸರ್ಕಲ್‌ನಲ್ಲಿ, ಹೆಗಲ ಮೇಲೆ ಗದೆ ಹೊತ್ತ ಅವರ ಕಂಚಿನ ಪ್ರತಿಮೆ ನಿಲ್ಲಿಸಬೇಕು ಅಂತ ಸಮಿತಿ ಮಾಡಿದ್ದೇವೆ. ಆ ದುಡ್ಡಲ್ಲಿ ಹಳೇ ಗರಡಿ ಮನೆ ರಿಪೇರಿ ಮಾಡಿಸೋಣ ಅಂತ ಕೆಲವು ಹುಡುಗರು ತಕರಾರು ತೆಗೆದಿದ್ದಾರೆ. ಬೀಗ ಹಾಕಿದ ಗರಡಿಯನ್ನು ಯಾರು ನೋಡುತ್ತಾರೆ? ಪ್ರತಿಮೆಯಾದರೆ ನೂರು ವರ್ಷ ಇರುತ್ತದೆ. ತಾವು ಎರಡು ಮಾತು ಬರೆದರೆ ಹುಡುಗರು ಕೇಳುತ್ತಾರೆ. ಹಾಗೇ ಪ್ರತಿಮೆಯ ಪೀಠಕ್ಕೆ ನಾಲ್ಕು ಸಾಲು ಬರೆದುಕೊಡಬೇಕು.’

– ಬೆಳಗಾವಿ ಜಿಲ್ಲೆಯ ನಿವೃತ್ತ ಮಾಸ್ತರರೊಬ್ಬರು

ಮಾಸ್ತರರೇ, ನಮಸ್ಕಾರ. ನಿಮ್ಮ ಅಕ್ಷರ ನೋಡಿಯೇ ಖುಷಿಯಾಯಿತು. ಇಂಥ ಕೈಬರಹದ ಪತ್ರ ಈಗ ಬರುವುದೇ ಕಡಿಮೆ.

ಪ್ರತಿಮೆ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಬಸ್ಸಿಳಿದವನಿಗೆ ಇದು ಇಂಥವರ ಊರು ಅಂತ ಗೊತ್ತಾಗುತ್ತದಲ್ಲ, ಅದೂ ಒಂದು ಮರ್ಯಾದೆಯೇ. ಅಷ್ಟು ಒಪ್ಪಿದೆ. ಆದರೆ ನನ್ನ ವೋಟು ಆ ತಕರಾರು ಹುಡುಗರಿಗೆ.

ನಿಮ್ಮ ಕಡೆಯಿಂದ ಪುಣೆ ಹೆದ್ದಾರಿ ಹಿಡಿದರೆ ಕರಾಡ ಸಿಗುತ್ತದೆ. ಅದರ ಮಗ್ಗುಲಲ್ಲೇ ಗೋಳೇಶ್ವರ ಅಂತ ಒಂದು ಹಳ್ಳಿ. ಪೈಲ್ವಾನ್ ಖಾಶಾಬಾ ಜಾಧವ್ ಹುಟ್ಟಿದ್ದು ಅಲ್ಲಿ, 1926ರಲ್ಲಿ. ಅಪ್ಪನೂ ಪೈಲ್ವಾನ್. ಖಾಶಾಬಾ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಮಣ್ಣಿನಲ್ಲಿ ಬೆಳೆದವರಿಗೆ ಮ್ಯಾಟ್ ರೂಢಿಯಿರಲಿಲ್ಲ. ಆದರೂ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ದುಡ್ಡಿಲ್ಲ. ಊರವರು ಮನೆ ಮನೆ ತಿರುಗಿ ಚಂದಾ ಎತ್ತಿದರು. ಸಾಲಲಿಲ್ಲ. ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆ ಇಟ್ಟು 7000 ರೂಪಾಯಿ ತಂದುಕೊಟ್ಟರು. ನೀವೂ ಮಾಸ್ತರರೇ, ಈ ಮಾತು ನಿಮಗೆ ತಾಕಬೇಕು.

ಹೆಲ್ಸಿಂಕಿಯಲ್ಲಿ ಜಪಾನಿನ ಇಶಿಯ ಜೊತೆ ಕಾಲು ಗಂಟೆಗೂ ಜಾಸ್ತಿ ಸೆಣಸಿ ಸೋತರು. ನಡುವೆ ಅರ್ಧ ಗಂಟೆ ಸುಧಾರಿಸಿಕೊಳ್ಳಲು ಬಿಡಬೇಕಿತ್ತು. ಬಿಡಲಿಲ್ಲ, ಕೂಡಲೇ ಸೋವಿಯತ್ ಒಕ್ಕೂಟದವನ ಮುಂದೆ ನಿಲ್ಲಿಸಿದರು. ‘ಇದು ಸರಿಯಲ್ಲ’ ಅಂತ ಕೇಳಲು ನಮ್ಮ ದೇಶದ ಒಬ್ಬ ಅಧಿಕಾರಿಯೂ ಹತ್ತಿರ ಇರಲಿಲ್ಲವಂತೆ. ಅಲ್ಲೂ ಸೋತು ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ತಂದ ಮೊದಲ ಒಲಿಂಪಿಕ್ ಪದಕ ಅದು. ಎರಡನೆಯದಕ್ಕೆ 1996ರಲ್ಲಿ ಲಿಯಾಂಡರ್ ಪೇಸ್ ಬರಬೇಕಾಯಿತು.

ವಾಪಸ್ ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿ ಕಟ್ಟಿ ಊರವರು ಮೆರವಣಿಗೆ ಮಾಡಿದರು. ಕಾಲು ಗಂಟೆಯ ದಾರಿಗೆ ತಾಸುಗಟ್ಟಲೆ ಹಿಡಿಯಿತಂತೆ. ಈ ಕಥೆ ಹೇಳುವವರೆಲ್ಲ ಎತ್ತಿನ ಗಾಡಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಇಷ್ಟವಾಗುವುದು ಆಮೇಲಿನದು. ಹಾರ ತುರಾಯಿ ಮುಗಿದ ಮೇಲೆ ಖಾಶಾಬಾ ಕುಸ್ತಿ ಪಂದ್ಯ ಏರ್ಪಡಿಸಿದರು. ತಾವೇ ಕಣಕ್ಕಿಳಿದರು. ಬಂದ ದುಡ್ಡಿನಲ್ಲಿ ಪ್ರಿನ್ಸಿಪಾಲರ ಮನೆ ಬಿಡಿಸಿಕೊಟ್ಟರು. ಆ ಸಾಲ ತೀರಿದ್ದು ಮಣ್ಣಿನ ಕಣದಲ್ಲಿ.

ಆಮೇಲೆ ಏನಾಯಿತು ಕೇಳಿ. ಪೊಲೀಸ್ ಕೆಲಸಕ್ಕೆ ಸೇರಿದರು, ನಿವೃತ್ತರಾದರು, ಪಿಂಚಣಿಗೆ ಪರದಾಡಿದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದಾಗ ಅವರು ಹೋಗಿ ಎಷ್ಟೋ ವರ್ಷವಾಗಿತ್ತು. ದಿಲ್ಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. ಹೆಸರಿಗೇನು ಖರ್ಚು? ಗೋಳೇಶ್ವರದಲ್ಲಿ ಕುಸ್ತಿ ಅಕಾಡೆಮಿ ಕಟ್ಟುತ್ತೇವೆ ಅಂತಲೂ ಮಾತು ಕೊಟ್ಟಿದ್ದರು. ಕಾದು ಕಾದು ಸಾಕಾಗಿ, 2017ರಲ್ಲಿ ಅವರ ಮಗ ‘ಆ ಕಂಚಿನ ಪದಕವನ್ನೇ ಹರಾಜು ಹಾಕಿ ಅಕಾಡೆಮಿ ಕಟ್ಟಿಸುತ್ತೇನೆ’ ಅಂದರು. ನೋಡಿ ಮಾಸ್ತರರೇ, ಆ ಮನೆಯವರಿಗೂ ಬೇಕಿದ್ದದ್ದು ಹುಡುಗರು ಕುಸ್ತಿ ಆಡಲು ಒಂದು ಜಾಗ.

ದೂರದ ಉದಾಹರಣೆ ಬೇಡ ಅಂದರೆ ಕೊಡಗಿಗೆ ಬನ್ನಿ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅಂಥ ಹಾಕಿ ಆಟಗಾರರನ್ನು ಕೊಟ್ಟ ಜಿಲ್ಲೆ. ಒಬ್ಬೊಬ್ಬರಿಗೆ ಒಂದೊಂದು ಪ್ರತಿಮೆ ಅಂತ ಹೊರಟರೆ ಮಡಿಕೇರಿಯಲ್ಲಿ ನಡೆದಾಡಲು ಜಾಗ ಇರುತ್ತಿರಲಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅನ್ನುವ ನಿವೃತ್ತ ಬ್ಯಾಂಕ್ ಅಧಿಕಾರಿ ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದರು. ಮೊದಲ ವರ್ಷ 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡ. ಪ್ರತಿ ವರ್ಷ ಒಂದೊಂದು ಮನೆತನದ ಯಜಮಾನಿಕೆ, ಕಪ್ಪಿಗೂ ಆ ಮನೆತನದ್ದೇ ಹೆಸರು. ಅಪ್ಪ, ಮಗಳು, ಅಜ್ಜ, ಮೊಮ್ಮಗ ಒಂದೇ ತಂಡದಲ್ಲಿ ಇಳಿಯುತ್ತಾರೆ. ದೇಶಕ್ಕೆ ಆಡಿದವರು ಬಂದು ಅದೇ ಬಯಲಿನಲ್ಲಿ ಓಡುತ್ತಾರೆ. ಮಗು ದೊಡ್ಡ ಆಟಗಾರನನ್ನು ಬೆವರು ಸುರಿಸುತ್ತಿರುವಾಗಲೇ ನೋಡುತ್ತದೆ. ಇದಕ್ಕಿಂತ ಸನ್ಮಾನ ಯಾವುದು?

ಆಸ್ಟ್ರೇಲಿಯಾದ ಬೌರಲ್ ಅನ್ನುವ ಪುಟ್ಟ ಊರಿನವರೂ ಜಾಣರು. ಬ್ರಾಡ್ಮನ್ ಬೆಳೆದ ಊರದು. ಹುಡುಗ ಆಡಿದ ಮೈದಾನಕ್ಕೇ 1947ರಲ್ಲಿ ಅವರ ಹೆಸರಿಟ್ಟರು. ಅಲ್ಲಿ ಇವತ್ತಿಗೂ ಕ್ರಿಕೆಟ್ ನಡೆಯುತ್ತದೆ.

ಇನ್ನು ಪ್ರತಿಮೆಯ ವಿಷಯ. ಪೋರ್ಚುಗಲ್‌ನ ಮದೀರಾ ದ್ವೀಪದವರು 2017ರಲ್ಲಿ ತಮ್ಮ ರೊನಾಲ್ಡೊನ ಕಂಚಿನ ತಲೆ ಮಾಡಿಸಿ ವಿಮಾನ ನಿಲ್ದಾಣದಲ್ಲಿಟ್ಟರು. ಆ ಮುಖ ನೋಡಿ ಜಗತ್ತೆಲ್ಲ ನಕ್ಕಿತು. ಮರು ವರ್ಷ ಬೇರೆಯದು ಬಂತು. ನಮ್ಮಲ್ಲಂತೂ ಇಲ್ಲದ ಪ್ರತಿಮೆಯ ಬಗ್ಗೆಯೂ ಹೆಮ್ಮೆ ಪಡುತ್ತೇವೆ. ವಿಯೆನ್ನಾದಲ್ಲಿ ನಾಲ್ಕು ಕೈ, ನಾಲ್ಕು ಹಾಕಿ ಸ್ಟಿಕ್ ಇರುವ ಧ್ಯಾನ್‌ಚಂದ್ ಪ್ರತಿಮೆ ಇದೆ ಅಂತ ಎಷ್ಟು ಕಡೆ ಓದಿಲ್ಲ ನೀವು? ಹುಡುಕಿಕೊಂಡು ಹೋದವರಿಗೆ ಅದು ಸಿಕ್ಕಿಲ್ಲ. ಅದೇ ಧ್ಯಾನ್‌ಚಂದ್ 1979ರಲ್ಲಿ ಕೊನೆಯುಸಿರೆಳೆದದ್ದು ದಿಲ್ಲಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ. ಝಾನ್ಸಿಯವರು ಮಾತ್ರ ಅವರು ಆಡುತ್ತಿದ್ದ ಮೈದಾನದಲ್ಲೇ ಅಂತ್ಯಕ್ರಿಯೆ ಮಾಡಿದರು. ಆ ಊರಿಗೆ ಗೊತ್ತಿತ್ತು.

ನಮ್ಮ ಸನ್ಮಾನಗಳ ಗತಿ ನೀವೇ ಬಲ್ಲಿರಿ. ಒಂದು ಊರಿನಲ್ಲಿ ಹಳೆಯ ಕಬಡ್ಡಿ ಆಟಗಾರರೊಬ್ಬರಿಗೆ ಸನ್ಮಾನ ಅಂತ ನನ್ನನ್ನೂ ಕರೆದಿದ್ದರು. ಫ್ಲೆಕ್ಸ್‌ನಲ್ಲಿ ಆಳೆತ್ತರಕ್ಕೆ ಇದ್ದದ್ದು ಸಂಘಟಕರ ಮುಖ. ಆಟಗಾರರ ಫೋಟೊ ಕೆಳಗಿನ ಮೂಲೆಯಲ್ಲಿ, ಸ್ಟಾಂಪ್ ಸೈಜು. ಮುಖ್ಯ ಅತಿಥಿ ಬರುವ ತನಕ ಕಾಯಬೇಕು. ಆ ಹಿರಿಯರು ಮೈಸೂರು ಪೇಟ ತೊಟ್ಟು, ಮಂಡಿ ನೋವಿಗೆ ಕಾಲು ನೀಡಲೂ ಆಗದೆ, ವೇದಿಕೆಯ ಕೊನೇ ಕುರ್ಚಿಯಲ್ಲಿ ಕೂತಿದ್ದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೊ ತೆಗೆಸಿಕೊಂಡರು. ಅವರಿಗೆ ಮೈಕ್ ಸಿಗುವ ಹೊತ್ತಿಗೆ ಜನ ಊಟದ ಸಾಲಿನಲ್ಲಿದ್ದರು. ಅವರು ಹೇಳಿದ್ದು ಒಂದೇ ಮಾತು: ‘ನಾವು ಆಡ್ತಿದ್ದ ಜಾಗದಾಗ ಈಗ ಕಾಂಪ್ಲೆಕ್ಸ್ ಎದ್ದೈತಿ.’ ಯಾರೋ ಚಪ್ಪಾಳೆ ತಟ್ಟಿದರು!

ನನ್ನ ಸಿಟ್ಟು ನಿಮ್ಮ ಸಮಿತಿಯ ಮೇಲಲ್ಲ. ಶಾಲೆಯ ಬಯಲಿಗೆ ವಸ್ತುಪ್ರದರ್ಶನದ ತಗಡು ಬಡಿಯುತ್ತಾರೆ. ಪಿಟಿ ಮಾಸ್ತರರನ್ನು ಚುನಾವಣೆ ಕೆಲಸಕ್ಕೆ, ಗಣತಿಗೆ ಓಡಿಸುತ್ತಾರೆ. ಪಿಟಿ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. (ನೀವು ಗಣಿತದವರಲ್ಲ ತಾನೇ?) ಇಷ್ಟೆಲ್ಲ ಮಾಡಿ, ಯಾವುದೋ ಹುಡುಗಿ ಹೇಗೋ ಪದಕ ಗೆದ್ದು ಬಂದರೆ ಸೈಟು, ನೌಕರಿ, ಕೋಟಿ ಅಂತ ಘೋಷಣೆಗಳ ಸುರಿಮಳೆ. ಬೆಳೆ ಒಣಗಿದ ಮೇಲೆ ಬಿದ್ದ ಮಳೆಯಂತೆ. ಗೆಲ್ಲುವ ಮೊದಲು ಅವಳಿಗೆ ಒಂದು ಜೊತೆ ಬೂಟು ಕೊಡಿಸಿದವರ ಹೆಸರು ಯಾವ ಪೀಠದ ಮೇಲೂ ಇರುವುದಿಲ್ಲ.

‘ಬೀಗ ಹಾಕಿದ ಗರಡಿಯನ್ನು ಯಾರು ನೋಡುತ್ತಾರೆ’ ಅಂತ ಬರೆದಿದ್ದೀರಿ. ಬೀಗ ಹಾಕಿದ್ದು ಯಾರು ಮಾಸ್ತರರೇ? ಊರಿನ ಜನವೇ ಅಲ್ವಾ? ಗರಡಿಯ ಮಣ್ಣು ಸುಮ್ನೆ ಮಣ್ಣಲ್ಲ. ಕೆಂಪು ಮಣ್ಣು ಜರಡಿ ಹಿಡಿದು, ಅರಿಶಿನ, ಎಣ್ಣೆ, ಮಜ್ಜಿಗೆ, ನಿಂಬೆ ರಸ ಬೆರೆಸಿ ಹದಕ್ಕೆ ತರಬೇಕು. ದಿನಾ ಬೆಳಿಗ್ಗೆ ಸಲಿಕೆ ಹಿಡಿದು ಅಗೆದು ಮಗುಚಬೇಕು. ಅದೇ ಹೊಸ ಹುಡುಗನ ಮೊದಲ ಸಾಮು. ಬಿಟ್ಟರೆ ನೆಲ ಗಟ್ಟಿಯಾಗುತ್ತದೆ, ಬಿದ್ದವನ ಹೆಗಲು ಮುರಿಯುತ್ತದೆ. ನಿಮ್ಮ ಪೈಲ್ವಾನರು ಎಷ್ಟು ವರ್ಷ ಆ ಮಣ್ಣು ಮಗುಚಿರಬೇಕು, ಯೋಚನೆ ಮಾಡಿ. ಪ್ರತಿಮೆಗೆ ವರ್ಷಕ್ಕೊಮ್ಮೆ ಹಾರ ಹಾಕಿದರೆ ನಡೆಯುತ್ತದೆ, ಉಳಿದ ದಿನ ಕಾಗೆ ನೋಡಿಕೊಳ್ಳುತ್ತದೆ. ಗರಡಿಗೆ ದಿನವೂ ಯಾರಾದರೂ ಬರಬೇಕು. ಅದು ಕಷ್ಟ. ಸಮಿತಿಗಳು ಪ್ರತಿಮೆಯ ಕಡೆ ವಾಲುವುದು ಅದಕ್ಕೇ ಅಂತ ನನ್ನ ಗುಮಾನಿ.

ನೀವು ನಿಮ್ಮ ಶಾಲೆಯಲ್ಲಿ ಎಷ್ಟು ಹುಡುಗರನ್ನು ತಿದ್ದಿದ್ದೀರೋ. ಈಗ ತಕರಾರು ತೆಗೆದವರೂ ನಿಮ್ಮ ಶಿಷ್ಯರೇ ಇರಬೇಕು. ಹಾಗಿದ್ದರೆ ನೀವು ಚೆನ್ನಾಗಿಯೇ ಕಲಿಸಿದ್ದೀರಿ. ಅವರನ್ನು ಸಮಿತಿಗೆ ಸೇರಿಸಿಕೊಳ್ಳಿ. ಮೊದಲು ಗರಡಿಯ ಮಾಡು, ಮಣ್ಣು, ಒಬ್ಬ ಉಸ್ತಾದರ ಸಂಬಳ. ಆಮೇಲೆ ಜಾತ್ರೆಯಲ್ಲಿ ಪೈಲ್ವಾನರ ಹೆಸರಲ್ಲಿ ಒಂದು ಜಂಗಿ ಕುಸ್ತಿ. ಹೆಣ್ಣುಮಕ್ಕಳ ಜೋಡಿಯೂ ಇರಲಿ. ದುಡ್ಡು ಮಿಕ್ಕರೆ ಪ್ರತಿಮೆ ನಿಲ್ಲಿಸಿ, ಗರಡಿಯ ಬಾಗಿಲಲ್ಲಿ.

ಪೀಠಕ್ಕೆ ನಾಲ್ಕು ಸಾಲು ಕೇಳಿದ್ದೀರಿ. ಅದನ್ನು ಈಗ ಕೊಡುವುದಿಲ್ಲ. ಕುಸ್ತಿಯ ಕರಪತ್ರವಾದರೆ ಬರೆದುಕೊಡುತ್ತೇನೆ. ತಾರೀಕು, ಮೊದಲ ಜೋಡಿಯ ಹೆಸರು, ಬಹುಮಾನ ಎಷ್ಟು ಅಂತ ಕಳಿಸಿ. ಅಂದ ಹಾಗೆ, ಗರಡಿಯ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದನ್ನೂ ಬರೆಯಿರಿ.

– ಸಂ.