ಅತ್ತೆಯನ್ನು ನೋಡಿಕೊಳ್ಳಲು ನಾನೇ ಕೆಲಸ ಬಿಡಬೇಕಾ?

ಅತ್ತೆಗೆ ಲಕ್ವಾ ಹೊಡೆದಿದೆ, ಕೆಲಸ ಬಿಡು ಅಂತ ಮನೆಯವರೆಲ್ಲ ಹೇಳ್ತಿದ್ದಾರೆ, ಬಿಡಲಾ ಅಂತ ಕೇಳಿದ್ದೀರಿ. ನಾನು ಬಿಟ್ಟವಳು. ಮನೆ ಹುಬ್ಬಳ್ಳಿ. ಧಾರವಾಡದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಆರು ತಿಂಗಳ ಮಟ್ಟಿಗೆ ಅಂತ ಬಿಟ್ಟೆ, ನಾಲ್ಕು ವರ್ಷವಾಯಿತು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಕಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಮಲಗಿಸಬೇಕು. ರಾತ್ರಿ ಕೂಡ. ಇಲ್ಲದಿದ್ದರೆ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗುತ್ತದೆ. ನಮ್ಮತ್ತೆಗೆ ರೊಟ್ಟಿ ನುಂಗಲು ಆಗುವುದಿಲ್ಲ. ಜೋಳದ ನುಚ್ಚನ್ನು ಮಜ್ಜಿಗೆಯಲ್ಲಿ ಮೆತ್ತಗೆ ಕಿವುಚಿ, ದಿಂಬು ಕೊಟ್ಟು ಕೂರಿಸಿ ಚಮಚದಲ್ಲಿ ತಿನ್ನಿಸುತ್ತೇನೆ. ಒಂದು ಗುಟುಕು ಇಳಿದದ್ದು ಗಂಟಲು ನೋಡಿ ಖಾತ್ರಿಯಾದ ಮೇಲೆ ಇನ್ನೊಂದು. ಒಂದು ಬಟ್ಟಲಿಗೆ ಮುಕ್ಕಾಲು ತಾಸು. ಅಷ್ಟರಲ್ಲಿ ಬಂದ ನೆಂಟರು, ‘ಮನ್ಯಾಗ ಇರ್ತಿಯಲ್ಲವಾ, ಆರಾಮ್ ಬಿಡು’ ಅಂತಾರೆ!

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದೆ ಮನೆಮಂದಿಯ ಆರೈಕೆ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 137 ನಿಮಿಷ, ಗಂಡಸರು 75 ನಿಮಿಷ. ಅಡುಗೆ, ಕಸ, ಮುಸುರೆ ಬೇರೆ: ಅದು 289 ಮತ್ತು 88. ನಮ್ಮನೆಯಲ್ಲಿ ಆ 75 ಕೂಡ ಇರಲಿಲ್ಲ.

ಗೃಹಲಕ್ಷ್ಮಿಯ 2,000 ರೂಪಾಯಿಯೂ ರೇಷನ್ ಕಾರ್ಡಿನ ಯಜಮಾನಿ ಅತ್ತೆಯ ಖಾತೆಗೇ ಬೀಳುತ್ತದೆ. ಬೀಳಲಿ, ಡೈಪರಿಗಾಯಿತು.

ಸೊಸೆಯ ಕರ್ತವ್ಯ ಅಂತ ಯಾರಾದರೂ ಅಂದರೆ ಒಂದು ಮಾತು ಗೊತ್ತಿರಲಿ. ಹೆತ್ತವರ ಪಾಲನೆಯ 2007ರ ಕಾಯ್ದೆ ಮಕ್ಕಳು ಅಂತ ಕರೆಯುವುದು ಮಗ, ಮಗಳು, ಮೊಮ್ಮಗ, ಮೊಮ್ಮಗಳನ್ನು. ಆ ಸಾಲಿನಲ್ಲಿ ಸೊಸೆ ಇಲ್ಲ. ಕಾಯ್ದೆ ಹಿಡಿದು ಜಗಳಾಡಿ ಅಂತಲ್ಲ, ನಾನೂ ಆಡಲಿಲ್ಲ. ಅತ್ತೆ ಮೇಲೆ ನನಗೆ ಸಿಟ್ಟೂ ಇಲ್ಲ.

ನಾನು ಮಾಡಿದ್ದು ಇಷ್ಟೇ. ಕಿರಾಣಿ ಅಂಗಡಿಯ ಕ್ಯಾಲೆಂಡರಿನ ಮೇಲೆ ಒಂದು ತಿಂಗಳು, ಮಗ್ಗಲು ಬದಲಿಸಿದಾಗಲೆಲ್ಲ ಒಂದು ಗೀಟು ಎಳೆದೆ. ಪಂಚಮಿಗೆ ನಾದಿನಿ ಬಂದಾಗ ಉಂಡಿ ಕಟ್ಟುವ ಮೊದಲೇ ಅದನ್ನು ಅವಳ ಕೈಗಿಟ್ಟೆ. ಅವಳು ಎಣಿಸುತ್ತಾ ಕೂತಳು, ಅಣ್ಣನನ್ನೂ ಕರೆದಳು. ಈಗ ಶನಿವಾರದ ರಾತ್ರಿ ನಮ್ಮವರ ಪಾಳಿ, ತಿಂಗಳಿಗೆ ನಾಲ್ಕು ದಿನ ನಾದಿನಿಯದು. ಮೊದಲ ಶನಿವಾರ ಇವರು ಅಲಾರಂ ಆರಿಸಿ ಮಲಗಿಬಿಟ್ಟಿದ್ದರು, ಬೆಳಿಗ್ಗೆ ಅತ್ತೆಯ ಸೊಂಟ ಕೆಂಪಾಗಿತ್ತು. ಆಮೇಲೆ ಆರಿಸಿಲ್ಲ.

ನೀವು ರಾಜೀನಾಮೆ ಬರೆಯಬೇಡಿ. ಮೊದಲು ಗಂಡ, ಮೈದುನ ಇಬ್ಬರಿಗೂ ಒಂದೊಂದು ವಾರ ರಜೆ ಹಾಕಲು ಹೇಳಿ. ಆ ಹದಿನೈದು ದಿನ ನೀವು ಎಂದಿನಂತೆ ಡ್ಯೂಟಿಗೆ ಹೋಗಿ. ಕ್ಯಾಲೆಂಡರ್, ಪೆನ್ನು ಮಂಚದ ಪಕ್ಕ ನೇತುಹಾಕಿ ಹೋಗಿ.